ಎತ್ತಿಗೆ ಊಟದ ಕರೆ

ಶ್ರಾವಣದ ಅಮಾವಾಸ್ಯೆಯ ಹಿಂದಿನ ಸಂಜೆ ನಾಸಿಕ್ ಜಿಲ್ಲೆಯ ಹಳ್ಳಿಗಳಲ್ಲಿ ಎತ್ತುಗಳಿಗೆ ಊಟದ ಕರೆ ಹೋಗುತ್ತದೆ. ಮನೆಯ ಯಜಮಾನ ಕೊಟ್ಟಿಗೆಗೆ ಹೋಗಿ, ಬೆಣ್ಣೆಯಲ್ಲೋ ತುಪ್ಪದಲ್ಲೋ ಕಲಸಿದ ಅರಿಶಿನವನ್ನು ಎತ್ತಿನ ಹೆಗಲಿಗೆ ಹಚ್ಚಿ ಅಂಗೈಯಿಂದ ನಿಧಾನವಾಗಿ ತಿಕ್ಕುತ್ತಾನೆ. ನೊಗ ಕೂತು ಕೂತು ತೊಗಲು ದಡ್ಡುಗಟ್ಟಿದ ಜಾಗ ಅದು. ತಿಕ್ಕುತ್ತಲೇ ಅದರ ಕಿವಿಯ ಹತ್ತಿರ ಬಾಗಿ, ಇವತ್ತು ಆಮಂತ್ರಣ ತಗೋ, ನಾಳೆ ಊಟಕ್ಕೆ ಬಾ ಅನ್ನುತ್ತಾನೆ. ಈ ಶಾಸ್ತ್ರಕ್ಕೆ ಮರಾಠಿಯಲ್ಲಿ ಖಾಂದೇಮಳಣಿ ಅನ್ನುತ್ತಾರೆ. ಮರುದಿನದ ಹಬ್ಬವೇ ಪೋಳಾ.

ಹಬ್ಬದ ಬೆಳಿಗ್ಗೆ ಎತ್ತುಗಳನ್ನು ಹೊಳೆಗೋ ಹಳ್ಳಕ್ಕೋ ಹೊಡೆದುಕೊಂಡು ಹೋಗಿ ಮೈ ತೊಳೆಯುತ್ತಾರೆ. ಹಳೆಯ ಮೂಗುದಾರ ತೆಗೆದು ಹೊಸದನ್ನು ಏರಿಸುತ್ತಾರೆ. ಕೊಂಬಿಗೆ ಬಣ್ಣ, ಬಣ್ಣದ ಮೇಲೆ ಬೇಗಡೆ, ಕೊರಳಿಗೆ ಗೆಜ್ಜೆಸರ, ಹಣೆಗೆ ಗೊಂಡೆ, ಬೆನ್ನಿಗೆ ಕನ್ನಡಿ ಚೂರು ಕೂರಿಸಿ ಹೊಲಿದ ಝೂಲ. ಮಧ್ಯಾಹ್ನ ಇಳಿದ ಮೇಲೆ ಊರ ಅಗಸೆಯಲ್ಲಿ ಮಾವಿನೆಲೆಯ ತೋರಣ ಕಟ್ಟುತ್ತಾರೆ. ಅದರ ಕೆಳಗಿಂದ ಜೋಡಿ ಜೋಡಿಯಾಗಿ ಎತ್ತುಗಳು ಹಾಯ್ದು ಹನುಮಂತನ ಗುಡಿಗೆ ಹೋಗಿ ಮನೆಗೆ ತಿರುಗುತ್ತವೆ. ಬಾಗಿಲಲ್ಲಿ ಮನೆಯೊಡತಿ ಕಾಲಿಗೆ ನೀರೆರೆದು, ಕುಂಕುಮವಿಟ್ಟು, ಆರತಿ ಬೆಳಗಿ, ಹೂರಣದ ಹೋಳಿಗೆಯನ್ನು ತನ್ನ ಕೈಯಿಂದಲೇ ತಿನ್ನಿಸುತ್ತಾಳೆ. ಎತ್ತು ಉಂಡ ಮೇಲೆ ಮನೆ ಮಂದಿಯ ಊಟ. ಆ ದಿನ ನೊಗ ಹೂಡುವ ಮಾತೇ ಇಲ್ಲ. ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣ, ವೈಜಾಪುರ, ಸಿಲ್ಲೋಡದ ಕಡೆಯೂ ಇದೇ ಕ್ರಮ. ಎತ್ತಿಲ್ಲದ ಮನೆಯವರು, ಪೇಟೆಯಲ್ಲಿ ಬಾಡಿಗೆಗೆ ಇರುವವರು ಕೂಡ ಮಣ್ಣಿನ ಜೋಡೆತ್ತು ತಂದು ದೇವರ ಮುಂದಿಟ್ಟು ಅದಕ್ಕೂ ಹೋಳಿಗೆಯ ಎಡೆ ಇಡುತ್ತಾರೆ. ಅದೇ ಅಮಾವಾಸ್ಯೆಗೆ ಪಿಠೋರಿ ಎಂಬ ಇನ್ನೊಂದು ಹೆಸರಿದೆ. ಅಂದು ತಾಯಂದಿರು ಮಕ್ಕಳ ಹೆಸರಿನಲ್ಲಿ ವ್ರತ ಹಿಡಿಯುತ್ತಾರೆ. ಎತ್ತು ಮತ್ತು ಮಗು ಒಂದೇ ದಿನದ ಆರೈಕೆಗೆ ಬರುವುದು ನನಗೆ ಆಕಸ್ಮಿಕ ಅನ್ನಿಸುವುದಿಲ್ಲ.

ಪೋಳಾದ ದಿನ ಹೊಲದಲ್ಲಿ ಏನಿರುತ್ತದೆ ನೋಡಿ. ಆಗಸ್ಟ್ ಕೊನೆಯೋ ಸೆಪ್ಟೆಂಬರ್ ಮೊದಲೋ ಆಗಿರುತ್ತದೆ. ಸಜ್ಜೆ ತೆನೆ ಹಿಡಿದಿದೆ, ಮೆಕ್ಕೆಜೋಳದ ತೆನೆಯಲ್ಲಿ ಹಾಲು ತುಂಬುತ್ತಿದೆ, ಹತ್ತಿ ಇನ್ನೂ ಹೂವು ಮಿಡಿಯಲ್ಲಿದೆ. ಒಂದು ಕಾಳೂ ಮನೆಗೆ ಬಂದಿಲ್ಲ. ಬರುತ್ತದೆಂಬ ಖಾತ್ರಿಯೂ ಇಲ್ಲ. 2019ರ ಅಕ್ಟೋಬರ್ ಕೊನೆಯಲ್ಲಿ ಅಕಾಲದ ಮಳೆ ಸುರಿದು ನಾಸಿಕ್ ಮತ್ತು ಮರಾಠವಾಡದಲ್ಲಿ ಕೈಗೆ ಬಂದ ಮುಂಗಾರು ಬೆಳೆ ಕಣದಲ್ಲೇ ಕೊಳೆಯಿತು. ಆ ವರ್ಷವೂ ಎತ್ತು ತನ್ನ ಹೋಳಿಗೆಯನ್ನು ಎರಡು ತಿಂಗಳ ಮೊದಲೇ ಉಂಡಿತ್ತು. ಬಿತ್ತಿದ್ದು, ಎಡೆ ಹೊಡೆದಿದ್ದು, ಕುಂಟೆ ಎಳೆದಿದ್ದು ಮುಗಿದಿದೆ. ಎತ್ತಿನ ಪಾಲಿನ ದುಡಿಮೆ ಸಂದಿದೆ. ಹಾಗಾಗಿ ಅದರ ಋಣ ಈಗಲೇ ತೀರಬೇಕು. ರಾಶಿ ಬಂದ ಮೇಲೆ ನೋಡೋಣ ಎಂಬ ಲೆಕ್ಕ ಇಲ್ಲಿಲ್ಲ.

ಈ ಮಾತು ನನ್ನ ತಲೆಯಲ್ಲಿ ಕೂತಿದ್ದು ಥ್ಯಾಂಕ್ಸ್‌ಗಿವಿಂಗ್ ಬಗ್ಗೆ ಓದುವಾಗ. ನವೆಂಬರಿನ ನಾಲ್ಕನೇ ಗುರುವಾರ ಅಮೆರಿಕದಲ್ಲಿರುವ ನಮ್ಮವರ ಮನೆಗಳಿಂದಲೂ ಟರ್ಕಿ ಕೋಳಿ, ಕುಂಬಳಕಾಯಿಯ ಪೈ, ಕ್ರ್ಯಾನ್‌ಬೆರಿಯ ಗೊಜ್ಜಿನ ಚಿತ್ರಗಳು ಬರುತ್ತವೆ. ಸುಗ್ಗಿ ಮುಗಿದ ಮೇಲೆ, ಕಣಜ ತುಂಬಿದ ಮೇಲೆ ಮಾಡುವ ಹಬ್ಬ ಅದು. ಅದರ ಮೂಲವೆಂದು ಶಾಲೆಯಲ್ಲಿ ಹೇಳಿಕೊಡುವ ಊಟ ನಡೆದಿದ್ದು 1621ರ ಶರತ್ಕಾಲದಲ್ಲಿ, ಪ್ಲಿಮತ್ ಎಂಬಲ್ಲಿ. ಹಿಂದಿನ ವರ್ಷ ಮೇಫ್ಲವರ್ ಹಡಗಿನಲ್ಲಿ ಬಂದ 102 ಪ್ರಯಾಣಿಕರಲ್ಲಿ ಸುಮಾರು ಅರ್ಧದಷ್ಟು ಜನ ಮೊದಲ ಚಳಿಗಾಲದಲ್ಲೇ ತೀರಿಕೊಂಡಿದ್ದರು. ಉಳಿದವರ ಜೊತೆ ವಾಂಪನೋಗ್ ಜನರ ಮುಖ್ಯಸ್ಥ ಮಾಸಸೋಯಿಟ್ ತನ್ನ 90 ಜನರೊಂದಿಗೆ ಮೂರು ದಿನ ಉಂಡ, ಐದು ಜಿಂಕೆ ತಂದುಕೊಟ್ಟ. ಎಡ್ವರ್ಡ್ ವಿನ್ಸ್ಲೋ ಬರೆದ ಪತ್ರದಲ್ಲಿ ಇಷ್ಟು ದಾಖಲಾಗಿದೆ. ಬೇಟೆಯಾಡಿ ತಂದ ಹಕ್ಕಿಗಳ ಮಾತು ಅಲ್ಲಿದೆ, ಟರ್ಕಿಯ ಹೆಸರಿಲ್ಲ.

ಆ ವಲಸಿಗರಿಗೆ ಮೆಕ್ಕೆಜೋಳ ಬೆಳೆಯುವುದನ್ನು, ಬೀಜದ ಜೊತೆ ಮೀನು ಹೂಳಿ ನೆಲಕ್ಕೆ ಕಸುವು ಕೊಡುವುದನ್ನು ಕಲಿಸಿದವನು ಟಿಸ್ಕ್ವಾಂಟಮ್. ಅವನನ್ನು 1614ರಲ್ಲಿ ಒಬ್ಬ ಇಂಗ್ಲಿಷ್ ಕಪ್ತಾನ ಹಿಡಿದು ಸ್ಪೇನಿಗೆ ಒಯ್ದು ಮಾರಿದ್ದ. ಹೇಗೋ ತಪ್ಪಿಸಿಕೊಂಡು 1619ರಲ್ಲಿ ಅವನು ಊರಿಗೆ ಮರಳಿದಾಗ ಅವನ ಊರೇ ಇರಲಿಲ್ಲ, ರೋಗ ಬಡಿದು ಎಲ್ಲರೂ ಸತ್ತಿದ್ದರು. ಆ ಖಾಲಿ ಊರಿನ ಜಾಗದಲ್ಲೇ ಪ್ಲಿಮತ್ ಎದ್ದಿತು. ಊಟ ನಡೆದ 54 ವರ್ಷಕ್ಕೆ, 1675ರಲ್ಲಿ, ಮಾಸಸೋಯಿಟ್‌ನ ಮಗನಿಗೂ ವಲಸಿಗರ ಮಕ್ಕಳಿಗೂ ಯುದ್ಧ ಹತ್ತಿತು. ಮುಂದೆ ಸಾರಾ ಜೋಸೆಫಾ ಹೇಲ್ ಎಂಬ ಪತ್ರಿಕಾ ಸಂಪಾದಕಿ ದಶಕಗಳ ಕಾಲ ಪತ್ರ ಬರೆದು ಒತ್ತಾಯಿಸಿದ ಮೇಲೆ, ಅಂತರ್ಯುದ್ಧದ ನಡುವೆ 1863ರಲ್ಲಿ ಲಿಂಕನ್ ಇದನ್ನು ರಾಷ್ಟ್ರೀಯ ದಿನವೆಂದು ಘೋಷಿಸಿದರು. ನಾಲ್ಕನೇ ಗುರುವಾರ ಎಂದು ಕಾನೂನು ಗಟ್ಟಿಯಾಗಿದ್ದು 1941ರಲ್ಲಿ. 1970ರಿಂದ ಅದೇ ದಿನ ಪ್ಲಿಮತ್‌ನಲ್ಲಿ ಮೂಲನಿವಾಸಿಗಳು ಸೇರಿ ಶೋಕದಿನ ಆಚರಿಸುತ್ತಾರೆ. ಬಿತ್ತುವುದು ಕಲಿಸಿದವರಿಗೆ ಎಲೆ ಹಾಕುವುದನ್ನು ಮರೆತ ಹಬ್ಬಕ್ಕೆ ಅವರು ಕೊಡುವ ಉತ್ತರ ಅದು.

ಅವರು ಕಲಿಸಿದ ಬೆಳೆ ಇವತ್ತು ನಮ್ಮ ಗೋದಾವರಿಯ ಹೊಲಗಳಲ್ಲಿದೆ. ಸಂಭಾಜಿನಗರ ಜಿಲ್ಲೆಯ ಸಿಲ್ಲೋಡ, ಕನ್ನಡ, ಫುಲಂಬ್ರಿ ತಾಲ್ಲೂಕುಗಳಲ್ಲಿ, ನಾಸಿಕ್‌ನ ಯೇವಲಾ, ಮಾಲೇಗಾಂವ ಕಡೆ ಮಳೆಗಾಲದಲ್ಲಿ ಹೋದರೆ ರಸ್ತೆಯ ಎರಡೂ ಬದಿ ಮೆಕ್ಕೆಜೋಳವೇ. ಅದರಲ್ಲಿ ಹೆಚ್ಚಿನದು ಹೋಗುವುದು ಕೋಳಿ ಮೇವಿಗೆ ಮತ್ತು ಗಂಜಿಪಿಷ್ಟದ ಕಾರ್ಖಾನೆಗೆ. ಅಮೆರಿಕದ ಮೂಲನಿವಾಸಿಗಳು ಅದನ್ನು ಒಂಟಿಯಾಗಿ ಬೆಳೆಯುತ್ತಿರಲಿಲ್ಲ. ಜೊತೆಗೆ ಅವರೆಯ ಜಾತಿಯ ಬಳ್ಳಿ, ನೆಲ ಮುಚ್ಚಲು ಕುಂಬಳ. ಬಳ್ಳಿಗೆ ಮೆಕ್ಕೆಜೋಳದ ದಂಟೇ ಹಂದರ. ಬಳ್ಳಿಯ ಬೇರುಗಂಟಿನಲ್ಲಿರುವ ರೈಜೋಬಿಯಂ ಗಾಳಿಯ ಸಾರಜನಕವನ್ನು ಹಿಡಿದು ನೆಲಕ್ಕೆ ಕೊಡುತ್ತದೆ. ಕುಂಬಳದ ಅಗಲ ಎಲೆ ಕಳೆಯನ್ನೂ ಆವಿಯಾಗುವ ತೇವವನ್ನೂ ತಡೆಯುತ್ತದೆ. ನಮ್ಮ ಅಕ್ಕಡಿ ಸಾಲಿನ ಲೆಕ್ಕವೂ ಇದೇ ಅಲ್ಲವೇ? ಮರಾಠವಾಡದಲ್ಲಿ ಸಜ್ಜೆ, ಜೋಳದ ನಡುವೆ ತೊಗರಿಯ ಸಾಲು ಬಿಡುತ್ತಿದ್ದುದೂ ಇದಕ್ಕೇ. ಮೆಕ್ಕೆಜೋಳವನ್ನು ನಾವು ತಂದುಕೊಂಡೆವು, ಅದರ ಸಂಗಾತಿಗಳನ್ನು ಬಿಟ್ಟು ತಂದೆವು. ಹಿಂದಿನಿಂದ ಅದರ ಹುಳುವೂ ಬಂತು. ಅಮೆರಿಕ ಖಂಡದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡಿದ್ದು 2018ರ ಮೇ ತಿಂಗಳಲ್ಲಿ, ನಮ್ಮ ಶಿವಮೊಗ್ಗದ ಹೊಲಗಳಲ್ಲಿ. ಹೆಚ್ಚು ದಿನ ಕಳೆಯುವ ಮೊದಲೇ ಅದು ಮಹಾರಾಷ್ಟ್ರದ ಮೆಕ್ಕೆಜೋಳದ ಸುಳಿಯನ್ನೂ ಕೊರೆಯುತ್ತಿತ್ತು.

ಪೋಳಾಗೆ ಮರಳೋಣ. ಉತ್ತರ ಕರ್ನಾಟಕದವರು ಈ ವರ್ಣನೆ ಓದುತ್ತಿದ್ದಂತೆ ಕಾರ ಹುಣ್ಣಿಮೆ ನೆನೆದಿರುತ್ತಾರೆ. ಅದೇ ಮೈತೊಳೆತ, ಅದೇ ಬಣ್ಣ, ಅದೇ ಹೋಳಿಗೆ, ಸಂಜೆಗೆ ಕರಿ ಹರಿಯುವ ಓಟ. ಆದರೆ ಕಾರ ಹುಣ್ಣಿಮೆ ಬರುವುದು ಜ್ಯೇಷ್ಠದಲ್ಲಿ, ಕೂರಿಗೆ ಹೂಡುವ ಹೊತ್ತಿನಲ್ಲಿ. ಹದಿನೈದು ದಿನ ಕಳೆದರೆ ಮಣ್ಣೆತ್ತಿನ ಅಮಾವಾಸ್ಯೆ. ಪೋಳಾ ಅದಾದ ಎರಡು ತಿಂಗಳಿಗೆ, ಕೆಲಸ ಮುಗಿದ ಮೇಲೆ. ನಡುವಿನ ಕೊಲ್ಹಾಪುರ, ಸಾಂಗಲಿ ಕಡೆ ಇದೇ ಹಬ್ಬ ಬೆಂದೂರ ಎಂಬ ಹೆಸರಿನಲ್ಲಿ ನಡೆಯುತ್ತದೆ; ಅಲ್ಲಿ ಕರ್ನಾಟಕಿ ಬೆಂದೂರ ಒಂದು, ಮಹಾರಾಷ್ಟ್ರದ ಬೆಂದೂರ ಇನ್ನೊಂದು. ನಮ್ಮದು ವರ್ಷದ ದುಡಿಮೆಗೆ ಎತ್ತನ್ನು ಕೇಳಿಕೊಳ್ಳುವ ಹಬ್ಬ, ಅವರದು ದುಡಿದದ್ದಕ್ಕೆ ಉಪಕಾರ ನೆನೆಯುವ ಹಬ್ಬ ಎಂದು ನಾನು ತಿಳಿದಿದ್ದೇನೆ. ಎರಡರಲ್ಲೂ ಫಸಲಿನ ಮಾತಿಲ್ಲ ಎನ್ನುವುದೇ ದೊಡ್ಡದು.

ನಾಸಿಕ್‌ನ ಪಶ್ಚಿಮದಲ್ಲಿ, ಇಗತಪುರಿ, ತ್ರ್ಯಂಬಕೇಶ್ವರ, ಸುರಗಾಣದ ಘಟ್ಟದಲ್ಲಿ ಪೋಳಾದ ದಿನ ಸಿಂಗಾರಗೊಳ್ಳುವ ಎತ್ತು ಡಾಂಗಿ ತಳಿಯದು. ಬಿಳಿಯ ಮೈಮೇಲೆ ಕೆಂಪು ಅಥವಾ ಕಪ್ಪು ಮಚ್ಚೆ. ಇಗತಪುರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಡಾಂಗಿಯ ಚರ್ಮ ಎಣ್ಣೆಯಂಥ ಜಿಡ್ಡು ಒಸರುತ್ತದೆ, ಆ ಜಿಡ್ಡಿನ ಮೇಲೆ ಮಳೆನೀರು ನಿಲ್ಲದೆ ಜಾರುತ್ತದೆ. ಗೊರಸು ಕಪ್ಪು, ಕಲ್ಲಿನಂತೆ ಗಟ್ಟಿ. ದಿನವಿಡೀ ಗದ್ದೆಯ ಕೆಸರಿನಲ್ಲಿ ನಿಂತರೂ ಮೆತ್ತಗಾಗುವುದಿಲ್ಲ. ಅಲ್ಲಿಂದ ಪೂರ್ವಕ್ಕೆ ಸಂಭಾಜಿನಗರದ ಕಡೆ ಬಂದರೆ ಮಳೆ ಕಾಲುಭಾಗಕ್ಕೆ ಇಳಿಯುತ್ತದೆ. ಇನ್ನೂ ದಕ್ಷಿಣಕ್ಕೆ ಲಾತೂರಿನ ಕಡೆ ಹೋದರೆ ನಮ್ಮ ಬೀದರಿನವರೂ ಸಾಕುವ ದೇವಣಿ. ಒಂದೊಂದು ಮಣ್ಣಿಗೆ ಒಂದೊಂದು ಎತ್ತನ್ನು ನೂರಾರು ವರ್ಷ ಆರಿಸಿ ಬೆಳೆಸಿದ ಜನ, ವರ್ಷಕ್ಕೊಂದು ದಿನ ಅದರ ಹೆಗಲು ತಿಕ್ಕುತ್ತಾರೆ.

ಹೆಗಲು ತಿಕ್ಕುವುದರಲ್ಲಿ ವೈದ್ಯವೂ ಇದೆ. ನೊಗದ ಉಜ್ಜಾಟಕ್ಕೆ ಚರ್ಮದಡಿ ಬಾವು ಬರುತ್ತದೆ, ಗಮನಿಸದಿದ್ದರೆ ಹುಣ್ಣಾಗುತ್ತದೆ. ಕೈಯಿಟ್ಟು ತಿಕ್ಕುವವನಿಗೆ ಎಲ್ಲಿ ಬಿಸಿಯಿದೆ, ಎಲ್ಲಿ ಗಂಟಿದೆ ಎನ್ನುವುದು ಕೈಗೇ ತಿಳಿಯುತ್ತದೆ. ಆದರೆ ಮರುದಿನದ ಹೋಳಿಗೆಯ ವಿಷಯದಲ್ಲಿ ಪಶುವೈದ್ಯರು ಹೇಳುವ ಎಚ್ಚರ ಕಿವಿಗೆ ಹಾಕಿಕೊಳ್ಳಬೇಕು. ಎತ್ತಿನ ಹೊಟ್ಟೆಯ ಮೊದಲ ದೊಡ್ಡ ಚೀಲದಲ್ಲಿ ಹುಲ್ಲು, ಕಣಿಕೆಯ ನಾರನ್ನು ಕೊಳೆಸಿ ಅರಗಿಸುವ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ಅಲ್ಲಿಗೆ ಒಮ್ಮೆಲೇ ಬೆಲ್ಲ, ಗೋಧಿ ಹಿಟ್ಟು, ಬೇಳೆ ರಾಶಿಯಾಗಿ ಬಿದ್ದರೆ ಬೇರೆ ಜಾತಿಯ ಜೀವಿಗಳು ಮೇಲುಗೈ ಪಡೆದು ಲ್ಯಾಕ್ಟಿಕ್ ಆಮ್ಲ ಸುರಿಸುತ್ತವೆ. ಹುಳಿ ಏರುತ್ತದೆ, ಮೆಲುಕು ನಿಲ್ಲುತ್ತದೆ, ಹೊಟ್ಟೆ ಉಬ್ಬುತ್ತದೆ. ಹೆಚ್ಚಾದರೆ ಎತ್ತು ಉಳಿಯುವುದಿಲ್ಲ. ನೆರೆಹೊರೆಯವರೆಲ್ಲ ಪ್ರೀತಿಯಿಂದ ಒಂದೊಂದು ತಿನ್ನಿಸಿದರೆ ಲೆಕ್ಕ ತಪ್ಪುವುದು ಸುಲಭ. ಶಾಸ್ತ್ರಕ್ಕೆ ಒಂದೆರಡು ಹೋಳಿಗೆ, ಹೊಟ್ಟೆಗೆ ಹಸಿ ಮೇವು. ಕೊಂಬಿಗೆ ಕಬ್ಬಿಣಕ್ಕೆ ಬಳಿಯುವ ಎಣ್ಣೆಬಣ್ಣ ಬೇಡ. ಕೊಂಬಿನೊಳಗೆ ರಕ್ತ ಹರಿಯುವ ಎಲುಬಿದೆ.

ಮನುಷ್ಯರಿಗೆ ಮಾತ್ರ ಹೋಳಿಗೆ ಒಳ್ಳೆಯ ಊಟ. ಗೋಧಿಯಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಕಡಲೆಯಲ್ಲಿ ಅದು ಬೇಕಾದಷ್ಟಿದೆ. ಕಡಲೆಯಲ್ಲಿ ಕೊರತೆಯಾಗುವ ಮೆಥಿಯೊನಿನ್ ಗೋಧಿಯಿಂದ ಬರುತ್ತದೆ. ಬೇಳೆ ಬೇಯಿಸಿ ಬಸಿದ ಕಟ್ಟನ್ನು ಚೆಲ್ಲುವುದಿಲ್ಲ. ಒಣಕೊಬ್ಬರಿ, ಈರುಳ್ಳಿ ಸುಟ್ಟು ಅರೆದು, ಕಾಳಾ ಮಸಾಲೆ ಹಾಕಿ ಕಟಾಚಿ ಆಮಟಿ ಮಾಡುತ್ತಾರೆ. ನಮ್ಮ ಕಟ್ಟಿನ ಸಾರಿನ ಅಕ್ಕನೇ ಅದು, ಖಾರ ಸ್ವಲ್ಪ ಮುಂದೆ. ನಾಸಿಕ್‌ನ ಉತ್ತರಕ್ಕೆ, ಖಾನದೇಶಕ್ಕೆ ಹತ್ತಿದ ಮಾಲೇಗಾಂವ, ಬಾಗಲಾಣ ತಾಲ್ಲೂಕುಗಳಲ್ಲಿ ಹೋಳಿಗೆಗೆ ಹಂಚು ಸಾಲುವುದಿಲ್ಲ. ಅಲ್ಲಿ ಕಟ್ಟಿಗೆ ಒಲೆಯ ಮೇಲೆ ಖಾಪರ ಎಂಬ ದೊಡ್ಡ ಮಣ್ಣಿನ ಗಡಿಗೆಯನ್ನು ಬೋರಲು ಹಾಕುತ್ತಾರೆ. ಕಣಕವನ್ನು ನೀರು ಮುಟ್ಟಿಸಿ ಮುಟ್ಟಿಸಿ ಬಹಳ ಹೊತ್ತು ನಾದಿ, ಹೂರಣ ತುಂಬಿ, ಲಟ್ಟಣಿಗೆ ಬಿಟ್ಟು ಎರಡು ಅಂಗೈಗಳ ಮೇಲೆ ಆಡಿಸುತ್ತ ಅಗಲ ಮಾಡುತ್ತಾರೆ. ಮೊಳಕೈವರೆಗೆ ಇಳಿಬಿದ್ದ ಮೇಲೆ ಒಂದೇ ಏಟಿಗೆ ಗಡಿಗೆಯ ಬೆನ್ನಿಗೆ ಹೊದಿಸುತ್ತಾರೆ. ಬೆಳಗಾವಿಯಲ್ಲಿ ಮಂಡಿಗೆ ಮಾಡುವವರ ಕೈ ನೋಡಿದವರಿಗೆ ಈ ಕೈಚಳಕ ಹೊಸದಲ್ಲ. ಕಣಕ ಹರಿಯದೆ ಅಷ್ಟು ಜಗ್ಗುವುದು ಗೋಧಿಯ ಗ್ಲುಟೆನ್ ಎಂಬ ಪ್ರೋಟೀನಿನ ಎಳೆಗಳಿಂದ. ನಾದಿದಷ್ಟೂ ಅವು ಹೆಣೆದುಕೊಳ್ಳುತ್ತವೆ, ನೆನೆಯಲು ಬಿಟ್ಟರೆ ಸಡಿಲಾಗಿ ಹಿಗ್ಗುತ್ತವೆ.

ಹೋಳಿಗೆ ಉಂಡ ಮಧ್ಯಾಹ್ನ ಕಣ್ಣು ಎಳೆಯುತ್ತದೆ. ಅಮೆರಿಕದಲ್ಲಿ ಹಬ್ಬದ ಊಟದ ನಿದ್ದೆಗೆ ಟರ್ಕಿಯಲ್ಲಿರುವ ಟ್ರಿಪ್ಟೊಫ್ಯಾನ್ ಕಾರಣ ಎಂಬ ನಂಬಿಕೆ ಗಟ್ಟಿಯಾಗಿದೆ. ಟರ್ಕಿಯಲ್ಲಿ ಅದು ಸಾಮಾನ್ಯ ಕೋಳಿಯಲ್ಲಿ ಇರುವಷ್ಟೇ ಇದೆ. ಹಿಟ್ಟು, ಸಿಹಿ, ಕೊಬ್ಬು ಮೂರೂ ಒಟ್ಟಿಗೆ, ಮಾಮೂಲಿಗಿಂತ ಹೆಚ್ಚು ಹೊಟ್ಟೆಗೆ ಹೋದರೆ ಟರ್ಕಿ ತಿಂದವರಿಗೂ ನಿದ್ದೆ, ತುಪ್ಪದಲ್ಲಿ ಅದ್ದಿದ ಹೋಳಿಗೆ ತಿಂದವರಿಗೂ ನಿದ್ದೆ.

ಪೋಳಾದ ನಂತರದ ಸರದಿ ಬೀಜ ಮತ್ತು ಮಣ್ಣಿನದು. ಆಶ್ವಿನದ ಪಾಡ್ಯಕ್ಕೆ ಘಟ ಕೂರುತ್ತದೆ. ಯಜಮಾನ ಹೊಲಕ್ಕೆ ಹೋಗಿ ಒಂದು ಬುಟ್ಟಿ ಮಣ್ಣು ತರುತ್ತಾನೆ. ದೇವರ ಮನೆಯಲ್ಲಿ ಪತ್ರಾವಳಿ ಹಾಸಿ ಅದರ ಮೇಲೆ ಮಣ್ಣು ಹರಡಿ, ಗೋಧಿ, ಜೋಳ, ಕಡಲೆ, ಹೀಗೆ ಮನೆಯಲ್ಲಿರುವ ಕಾಳು ಬಿತ್ತಿ, ನಡುವೆ ನೀರು ತುಂಬಿದ ಮಣ್ಣಿನ ಕೊಡ ಇಡುತ್ತಾರೆ. ಆ ಕೊಡದ ಮೈಯಿಂದ ನೀರು ಸಣ್ಣಗೆ ಒಸರಿ ಮಣ್ಣನ್ನು ಹದವಾಗಿ ಇಡುತ್ತದೆ. ಪಕ್ಕದಲ್ಲಿ ಆರದ ದೀಪ. ಒಂಬತ್ತು ದಿನದಲ್ಲಿ ಗೇಣುದ್ದದ ಸಸಿ ಏಳುತ್ತದೆ. ಅದರ ಬಣ್ಣ ಹಸಿರಲ್ಲ, ತಿಳಿ ಹಳದಿ. ಬೆಳಕಿಲ್ಲದ ಕಡೆ ಮೊಳೆತ ಸಸಿ ಹರಿತ್ತು ತಯಾರಿಸಲಾರದು. ಬೀಜದಲ್ಲಿದ್ದ ಆಹಾರವನ್ನೆಲ್ಲ ಖರ್ಚು ಮಾಡಿ ಬೆಳಕು ಹುಡುಕುತ್ತ ಎತ್ತರಕ್ಕೆ ಚಾಚುತ್ತದೆ. ದಸರೆಯ ದಿನ ಈ ಹೊಂಬಣ್ಣದ ಸಸಿಯನ್ನು ಕಿತ್ತು ದೇವರಿಗೆ ಏರಿಸಿ, ಗಂಡಸರು ಟೋಪಿಯ ಅಂಚಿಗೆ ಸಿಕ್ಕಿಸಿಕೊಂಡು ಸೀಮೋಲ್ಲಂಘನಕ್ಕೆ ಹೊರಡುತ್ತಾರೆ. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲೂ ಘಟ್ಟ ಹಾಕುವ ಪದ್ಧತಿ ಹೀಗೇ ಇದೆ.

ಇದು ಹಿಂಗಾರಿ ಬಿತ್ತನೆಯ ಹೊಸ್ತಿಲು. ಬೀಜ ಪರೀಕ್ಷೆಯ ಪ್ರಯೋಗಾಲಯಗಳಲ್ಲಿ ಗೋಧಿ ಮತ್ತು ಕಡಲೆಯ ಮೊಳಕೆಯನ್ನು ಕೊನೆಯ ಬಾರಿ ಎಣಿಸುವುದು ಎಂಟನೇ ದಿನ, ಜೋಳದ್ದು ಹತ್ತನೇ ದಿನ. ಪ್ರಮಾಣಿತ ಬೀಜವೆನಿಸಲು ನೂರಕ್ಕೆ ಗೋಧಿ, ಕಡಲೆ 85, ಜೋಳ 75 ಮೊಳೆಯಬೇಕು. ಹಿರಿಯರು ಪ್ರಯೋಗಾಲಯ ಕಟ್ಟಲು ಹೊರಟಿದ್ದರು ಎಂದು ನಾನು ಹೇಳುತ್ತಿಲ್ಲ, ಅವರಿಗೆ ಅದು ದೇವಿಯೇ. ಆದರೆ ತನ್ನ ಹೊಲದ ಮಣ್ಣು, ತನ್ನ ಮನೆಯ ಬೀಜ ಎರಡನ್ನೂ ಒಂಬತ್ತು ದಿನ ದಿನಕ್ಕೆರಡು ಸಲ ಕೈಮುಗಿದು ನೋಡಿದ ರೈತನಿಗೆ ಯಾವ ಕಾಳು ಎದ್ದಿತು, ಯಾವುದು ಕೊಳೆಯಿತು ಎನ್ನುವುದು ಬಿತ್ತುವ ಮುಂಚೆಯೇ ತಿಳಿದಿರುತ್ತದೆ. ಪೇಟೆಯಿಂದ ಪೊಟ್ಟಣ ತರುವ ಕಾಲದಲ್ಲಿ ಘಟಕ್ಕೆ ಹಾಕುವ ಕಾಳು ಬೇರೆ, ಹೊಲಕ್ಕೆ ಹಾಕುವುದು ಬೇರೆ ಆಗಿಬಿಟ್ಟಿದೆ. ಕೊಂಡು ತಂದ ಪೊಟ್ಟಣದಿಂದಲೂ ಒಂದು ಹಿಡಿ ಘಟಕ್ಕೆ ಹಾಕಿ ನೋಡಿ ಎಂದು ನಾನು ಯಾವ ರೈತನಿಗೂ ಹೇಳಿಯೇನು.

ಮಾರ್ಗಶಿರದ ಅಮಾವಾಸ್ಯೆಗೆ ನಮ್ಮಲ್ಲಿ ಎಳ್ಳ ಅಮಾವಾಸ್ಯೆ, ಸಂಭಾಜಿನಗರ ವಿಭಾಗದ ದಕ್ಷಿಣ ತುದಿಯ ಲಾತೂರು, ಧಾರಾಶಿವ ಜಿಲ್ಲೆಗಳಲ್ಲಿ ವೇಳ ಅಮಾವಾಸ್ಯೆ. ಎರಡೂ ಒಂದೇ ಹಬ್ಬ. ಉದಗೀರ, ನಿಲಂಗಾ ತಾಲ್ಲೂಕುಗಳು 1956ರವರೆಗೂ ಬೀದರ ಜಿಲ್ಲೆಯಲ್ಲೇ ಇದ್ದವು; ಗಡಿ ಎಳೆದ ಮೇಲೂ ಊಟ ಬದಲಾಗಲಿಲ್ಲ. ಆ ದಿನ ಲಾತೂರಿನ ಪೇಟೆ ಖಾಲಿ, ಹೊಲ ಭರ್ತಿ. ಜೋಳದ ಕಣಿಕೆಯ ಗುಡಿಸಲು ಕಟ್ಟಿ, ಒಳಗೆ ಐದು ಕಲ್ಲುಗಳನ್ನು ಪಾಂಡವರೆಂದು ಸುಣ್ಣ ಹಚ್ಚಿ ಕೂರಿಸುತ್ತಾರೆ. ಹೊಸ ಮಡಕೆಯಲ್ಲಿ ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ. ಹಸಿ ತೊಗರಿ, ಅವರೆ, ಕಡಲೆ, ಬಟಾಣಿ, ಜೊತೆಗೆ ಸೊಪ್ಪು ಸೇರಿಸಿ ಕುದಿಸಿದ ಭಜ್ಜಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಸಜ್ಜೆಯ ಉಂಡೆ, ಕಡಲೆ ಹೂರಣದ ಹೋಳಿಗೆ. ಎಲ್ಲವನ್ನೂ ಕಲಸಿ ಹೊಲದ ಸುತ್ತ ಚೆಲ್ಲುತ್ತ ಹಾಕುವ ಕೂಗು ಬೀದರಿನಲ್ಲೂ ಲಾತೂರಿನಲ್ಲೂ ಒಂದೇ ಧಾಟಿಯದು. ಹೀಗೆ ಚೆಲ್ಲುವ ಚರಗದ ಪಾಲು ಮೊದಲು ಭೂಮಿಗೆ, ಆಮೇಲೆ ಹಕ್ಕಿ, ಇರುವೆಗೆ, ಕೊನೆಗೆ ಬಂದವರಿಗೆಲ್ಲ.

ಆಗಲೂ ಜೋಳ ಕೊಯ್ಲಿಗೆ ಬಂದಿರುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿದ ಬಿಳಿಜೋಳ ಡಿಸೆಂಬರ್ ಕೊನೆಗೆ ತೆನೆ ಒಡೆದು ಕಾಳು ಕಟ್ಟುತ್ತಿರುತ್ತದೆ. ಮಳೆ ನಿಂತು ಎರಡು ತಿಂಗಳಾಗಿದ್ದರೂ ಅದನ್ನು ಬದುಕಿಸುವುದು ಎರೆಮಣ್ಣು. ಆರೂವರೆ ಕೋಟಿ ವರ್ಷದ ಹಿಂದೆ ಉಕ್ಕಿ ಹರಿದ ಲಾವಾ ಕಲ್ಲಾಗಿ, ಆ ಕಲ್ಲು ಸವೆದು ಆದ ಮಣ್ಣಿದು. ಇದರ ಜೇಡಿಯ ಪದರಗಳು ನೀರು ಕುಡಿದು ಹಿಗ್ಗುತ್ತವೆ, ಆರಿದಂತೆ ಸಂಕುಚಿಸಿ ಬಿರುಕು ಬಿಡುತ್ತವೆ. ಆಳದಲ್ಲಿ ಮಾತ್ರ ತೇವವನ್ನು ತಿಂಗಳುಗಟ್ಟಲೆ ಹಿಡಿದಿಡುತ್ತವೆ. ಆ ತೇವ ಜೋಳದ ಕಾಳು ತುಂಬುವವರೆಗೆ ಸಾಕಾಗಬೇಕು. ಅದಕ್ಕೇ ನಮ್ಮ ಹಿರಿಯರು ಈ ಹೊತ್ತಿನ ಭೂಮಿಯನ್ನು ಬಸಿರಿ ಎಂದು ಕಂಡು ಬಯಕೆಯ ಊಟ ಬಡಿಸಿದರು. ಬಸಿರಿಗೆ ಉಣಿಸುವಾಗ ಹೆರಿಗೆಯ ಫಲ ಏನೆಂದು ಯಾರೂ ಕೇಳುವುದಿಲ್ಲ. ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಬಂದ 2016ರಂಥ ಬರಗಾಲದ ವರ್ಷಗಳಲ್ಲೂ ಈ ಊಟ ತಪ್ಪಲಿಲ್ಲ.

ಹಾಗಾದರೆ ಸುಗ್ಗಿಯ ನಂತರ ಕೃತಜ್ಞತೆ ಹೇಳುವವರು ಈ ಸೀಮೆಯಲ್ಲಿ ಇಲ್ಲವೇ? ಇದ್ದಾರೆ, ನಾಸಿಕ್‌ನ ಘಟ್ಟದಲ್ಲಿ. ಸುರಗಾಣ, ಪೇಠ, ಕಳವಣದ ಕೋಕಣಾ, ವಾರಲಿ, ಮಹಾದೇವ ಕೋಳಿ ಜನರ ಮುಖ್ಯ ಕಾಳು ಭತ್ತ ಮತ್ತು ನಾಗಲಿ. ನಾಗಲಿ ಎಂದರೆ ನಮ್ಮ ರಾಗಿಯೇ. ಇಳಿಜಾರಿನಲ್ಲಿ ಸೊಪ್ಪು, ಸಗಣಿ, ತರಗೆಲೆ ಸುಟ್ಟು ಮಡಿ ಮಾಡಿ, ಬೂದಿಯ ಮೇಲೆ ಬೀಜ ಚೆಲ್ಲಿ, ಮಳೆ ಹಿಡಿದ ಮೇಲೆ ಸಸಿ ಕಿತ್ತು ನಾಟಿ ಹಾಕುತ್ತಾರೆ. ಬೆಂಕಿಯಿಂದ ಕಳೆಯ ಬೀಜ ಸಾಯುತ್ತದೆ, ಬೂದಿಯಿಂದ ಪೊಟ್ಯಾಷ್ ಸಿಗುತ್ತದೆ. ಅವರಿಗೆ ಕಾಳು ಎಂದರೆ ಕಣಸರಿ ಎಂಬ ತಾಯಿ. ಹೊಸ ಕಾಳನ್ನು ಅವಳಿಗೆ ಒಪ್ಪಿಸದೆ ಬಾಯಿಗಿಡುವುದಿಲ್ಲ. ದೀಪಾವಳಿಯ ಮೊದಲ ದಿನ, ಪೇಟೆಯವರು ವಸುಬಾರಸ್ ಎಂದು ಆಕಳು ಕರುವಿಗೆ ಪೂಜೆ ಮಾಡುವಾಗ, ಇವರದು ವಾಘಬಾರಸ್. ಊರಂಚಿನಲ್ಲಿ ಹುಲಿ, ಸೂರ್ಯ, ಚಂದ್ರ, ಹಾವು ಕೆತ್ತಿದ ಮರದ ಕಂಬವಿದೆ. ದನಕಾಯುವ ಹುಡುಗರು ಮನೆ ಮನೆಯಿಂದ ಅಕ್ಕಿ ಬೇಡಿ ತಂದು ಅಲ್ಲೇ ಬೇಯಿಸಿ, ವರ್ಷವಿಡೀ ದನ ಮುಟ್ಟದ ಹುಲಿಗೆ ಎಡೆ ಇಡುತ್ತಾರೆ. ಮಾರ್ಗಶಿರದಲ್ಲಿ ಡೊಂಗರ ದೇವ, ಬೆಟ್ಟದ ಹಬ್ಬ. ನೂರು ಗ್ರಾಂ ನಾಗಲಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶ ಇದೆ, ಅಕ್ಕಿ ಗೋಧಿ ಅದರ ಹತ್ತಿರವೂ ಬರುವುದಿಲ್ಲ. ಹಾಲು ಕಡಿಮೆಯಿರುವ ಆ ಬೆಟ್ಟದ ಮಕ್ಕಳ ಎಲುಬು ಗಟ್ಟಿಮಾಡಿದ್ದು ಈ ಕಾಳೇ.

ಅದೇ ಬೆಟ್ಟದ ಸಾಲಿನಲ್ಲಿ, ತ್ರ್ಯಂಬಕೇಶ್ವರದ ಬ್ರಹ್ಮಗಿರಿಯಲ್ಲಿ, ಗೋದಾವರಿ ಹುಟ್ಟುತ್ತದೆ. ನಾಸಿಕ್‌ನ ದ್ರಾಕ್ಷಿಗೆ ನೀರು ಕೊಟ್ಟು ಕೆಳಗಿಳಿದು ಪೈಠಣದ ಜಾಯಕವಾಡಿ ಅಣೆಕಟ್ಟನ್ನು ಸೇರುತ್ತದೆ. ಸುಮಾರು 102 ಟಿಎಂಸಿ ಹಿಡಿಯುವ ಆ ಜಲಾಶಯವೇ ಸಂಭಾಜಿನಗರದ ಕುಡಿಯುವ ನೀರು. ಅಕ್ಟೋಬರ್ ಮಧ್ಯಕ್ಕೆ ಅಲ್ಲಿ ಬಳಕೆಯ ನೀರು ಶೇ. 65ಕ್ಕಿಂತ ಕಡಿಮೆಯಾದರೆ ಮೇಲಿನ ಅಣೆಕಟ್ಟುಗಳಿಂದ ಬಿಡಬೇಕೆಂಬ ಸೂತ್ರ 2023ರಲ್ಲಿ ಜಾರಿಯಲ್ಲಿತ್ತು. ಆ ವರ್ಷದ ನವೆಂಬರಿನಲ್ಲಿ ಹಾಗೆ ಬಿಟ್ಟಾಗ ಮೇಲಿನವರು ಬೀದಿಗಿಳಿದರು, ಕೆಳಗಿನವರು ತಡವಾಯಿತೆಂದು ಸಿಟ್ಟಾದರು. ಎರಡೂ ಕಡೆಯವರು ಅದೇ ನದಿಗೆ ಆರತಿ ಎತ್ತುತ್ತಾರೆ.

ಮತ್ತೆ ಪೋಳಾದ ಎತ್ತಿಗೆ ಬಂದರೆ, ಈಗ ಎತ್ತೇ ಕಡಿಮೆಯಾಗುತ್ತಿದೆ. ದೇಶದಲ್ಲಿ 2012ರ ಗಣತಿಯಲ್ಲಿ ಸುಮಾರು 6.8 ಕೋಟಿ ಇದ್ದ ಗಂಡು ದನಗಳು 2019ರಲ್ಲಿ ಸುಮಾರು 4.7 ಕೋಟಿಗೆ ಇಳಿದವು. ಏಳು ವರ್ಷದಲ್ಲಿ ಶೇ. 30ರಷ್ಟು. ಎರಡು ಎಕರೆಯವನಿಗೆ ವರ್ಷವಿಡೀ ಜೋಡಿ ಸಾಕುವುದು ಗಿಟ್ಟುವುದಿಲ್ಲ, ಗಂಟೆಗಿಷ್ಟೆಂದು ಟ್ರ್ಯಾಕ್ಟರ್ ಬರುತ್ತದೆ. ಪೋಳಾದ ದಿನ ಟ್ರ್ಯಾಕ್ಟರಿಗೂ ಹೂವಿನ ಹಾರ ಹಾಕುವ ಮನೆಗಳಿವೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹೊಲದ ಕೆಲಸವೆಲ್ಲ ಟ್ರ್ಯಾಕ್ಟರಿಗೆ ಹೋಗಲಿಲ್ಲ. ಕಳೆ ಕೀಳುವುದು, ಹತ್ತಿ ಬಿಡಿಸುವುದು, ದ್ರಾಕ್ಷಿ ಬಳ್ಳಿ ಸವರುವುದು ಮನುಷ್ಯರ ಹೆಗಲಿನ ಮೇಲೆಯೇ ಉಳಿಯಿತು.

ಹಳೆಯ ಕಾಲದಲ್ಲಿ ಆ ಹೆಗಲಿನ ಲೆಕ್ಕ ಕಣದಲ್ಲಿ ಆಗುತ್ತಿತ್ತು. ನಮ್ಮ ಆಯದಂತೆ ಅವರದು ಬಲುತೆ. ರಾಶಿಯ ಹೊತ್ತಿಗೆ ಬಡಿಗ, ಕಮ್ಮಾರ, ಕುಂಬಾರರಿಗೆ ಪಾಲು. ಊರ ಚಾಕರಿಗೆ ಕಟ್ಟಿಹಾಕಲ್ಪಟ್ಟ ಮಹಾರರ ಪಾಲು ಮಾತ್ರ ಅವಮಾನದ ಜೊತೆ ಬರುತ್ತಿತ್ತು. ದಯಾ ಪವಾರ್ 1978ರಲ್ಲಿ ತಮ್ಮ ಆತ್ಮಕಥೆಗೆ ‘ಬಲುತಂ’ ಎಂದೇ ಹೆಸರಿಟ್ಟರು. ಈ ಚಾಕರಿಗೆ ಕಟ್ಟಿಹಾಕುವ ಮಹಾರ್ ವತನ ತೊಲಗಬೇಕೆಂದು ಅಂಬೇಡ್ಕರ್ 1928ರಲ್ಲೇ ಮಸೂದೆ ತಂದಿದ್ದರು. ನಾಸಿಕ್‌ನ ಕಾಳಾರಾಮ ಗುಡಿಯ ಸತ್ಯಾಗ್ರಹ 1930ರಲ್ಲಿ, ಹಿಂದೂವಾಗಿ ಸಾಯುವುದಿಲ್ಲ ಎಂಬ ಘೋಷಣೆ 1935ರಲ್ಲಿ ಇದೇ ಜಿಲ್ಲೆಯ ಯೇವಲಾದಲ್ಲಿ. ಪೋಳಾದ ತೋರಣದಡಿ ಮೊದಲು ಹಾಯುವುದು ಪಾಟೀಲನ ಮಾನದ ಎತ್ತು. ಆ ಸರದಿಗಾಗಿ ಊರುಗಳಲ್ಲಿ ಜಗಳಗಳಾಗಿವೆ. ಉಪಕಾರ ಸ್ಮರಣೆಯ ಸಾಲಿನಲ್ಲೂ ಮೇಲು ಕೀಳು ಇತ್ತು, ಪೂರ್ತಿ ಹೋಗಿಲ್ಲ.

ಇವತ್ತಿನ ಲೆಕ್ಕ ದಿಂಡೋರಿ, ನಿಫಾಡದ ದ್ರಾಕ್ಷಿ ತೋಟಗಳಲ್ಲಿ ನೋಡಬೇಕು. ದ್ರಾಕ್ಷಿ ಬಳ್ಳಿಯನ್ನು ವರ್ಷಕ್ಕೆರಡು ಸಲ ಸವರುತ್ತಾರೆ: ಏಪ್ರಿಲಿನಲ್ಲಿ ಕಡ್ಡಿ ಬೆಳೆಯಲು, ಅಕ್ಟೋಬರಿನಲ್ಲಿ ಗೊನೆ ಬಿಡಲು. ಅಕ್ಟೋಬರ್ ಸವರಿಕೆ, ಅದಾದ ಮೇಲೆ ಚಿಗುರು ಕೀಳುವುದು, ಗೊನೆ ಅದ್ದುವುದು, ಕಾಳು ವಿರಳ ಮಾಡುವುದು, ಎಲ್ಲಕ್ಕೂ ಘಟ್ಟದಿಂದ ಸುರಗಾಣ, ಪೇಠದ ಕುಟುಂಬಗಳು ಇಳಿದುಬರುತ್ತವೆ. ಕಣಸರಿಗೆ ಹೊಸ ಕಾಳು ಒಪ್ಪಿಸಿದ ಕೈಗಳೇ ಪರದೇಶಕ್ಕೆ ಹೋಗುವ ಗೊನೆಯನ್ನು ಕತ್ತರಿಯಿಂದ ತಿದ್ದುತ್ತವೆ. ತೋಟದ ಬದುವಿನಲ್ಲೇ ತಾಡಪಾಲಿನ ಗುಡಾರ, ಮಕ್ಕಳ ಶಾಲೆ ಬೆಟ್ಟದ ಮೇಲೆಯೇ ಉಳಿದಿರುತ್ತದೆ. ಹವಾಮಾನ ಕೆಟ್ಟು ಗೊನೆ ಒಡೆದ ವರ್ಷ ಕೂಲಿ ತಡವಾಗುತ್ತದೆ, ಕೆಲವೊಮ್ಮೆ ಕಡಿಮೆಯಾಗುತ್ತದೆ. ಎತ್ತಿನ ಹೋಳಿಗೆಗೆ ಇಲ್ಲದ ಷರತ್ತನ್ನು ಇವರ ಕೂಲಿಗೆ ಹಾಕುವುದು ಪೋಳಾ ಆಚರಿಸುವ ನಾಡಿಗೆ ಒಪ್ಪುವ ಮಾತಲ್ಲ. ಅಕ್ಟೋಬರಿನಲ್ಲಿ ಸವರಿದ ಕೈಗೆ ಅಕ್ಟೋಬರಿನಲ್ಲೇ ಪೂರ್ತಿ ಕೂಲಿ ಸಲ್ಲಬೇಕು. ದ್ರಾಕ್ಷಿ ಪೇಟೆಗೆ ಹೋಗುವುದು ಜನವರಿ ಕಳೆದ ಮೇಲೆ.